ಕ್ರಿಂಕಿಗೆ ಎಷ್ಟು ಅಕ್ಷರ

ನಮ್ಮ ಜಿಂಕಿಯ ಮಗಳಿಗೆ ಹೆಸರು ಸಿಕ್ಕಿದ್ದು ಆಸ್ಪತ್ರೆಯ ಲಿಫ್ಟಿನಲ್ಲಿ. ಜಿಂಕಿಯ ಗಂಡ ಕ್ರಿಸ್ಪಿನ್ ಮಸ್ಕತ್ತಿನಲ್ಲಿ ಲಿಫ್ಟ್ ರಿಪೇರಿ ಮಾಡುವವನು, ಹೆರಿಗೆಗೆಂದು ರಜೆಯಲ್ಲಿ ಬಂದಿದ್ದ. ಲಿಫ್ಟಿನೊಳಗೆ ನಿಂತರೆ ಮಾತ್ರ ಅವನ ತಲೆ ಓಡುತ್ತದೆ, ಹೊರಗೆ ಬಂದರೆ ನಿಂತುಬಿಡುತ್ತದೆ. ಮೂರನೆಯ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ ತನ್ನ ಹೆಸರಿನ ತಲೆ ಕಿತ್ತು, ಹೆಂಡತಿಯ ಹೆಸರಿನ ಬಾಲ ಕಿತ್ತು, ಎರಡನ್ನೂ ಅಂಟಿಸಿ ‘ಕ್ರಿಂಕಿ’ ಎಂದ. ಜಿಂಕಿ ನಕ್ಕಳು. ನಕ್ಕರೆ ಹೊಲಿಗೆ ನೋಯುತ್ತದೆಂದು ಸುಮ್ಮನಾದಳು. ಆ ಸುಮ್ಮನಾಗಿದ್ದನ್ನೇ ಪುಣ್ಯಾತ್ಮ ಒಪ್ಪಿಗೆ ಎಂದುಕೊಂಡ.

ನಮ್ಮ ಕೇರಳದ ಪಾಲಾ ಕಡೆ ಇದೇನೂ ದೊಡ್ಡ ವಿಷಯವಲ್ಲ ಬಿಡಿ. ನಮ್ಮ ಬೀದಿಯಲ್ಲೇ ಒಬ್ಬ ಬಿಂಜೋ ಇದ್ದಾನೆ, ಒಬ್ಬಳು ಸ್ಮಿಕ್ಸಿ ಇದ್ದಾಳೆ, ಡಿಂಟೋ ಡಿಂಟಿ ಎಂಬ ಅವಳಿಗಳಿದ್ದಾರೆ. ಅವರ ಕೋಳಿಗೆ ಮಾತ್ರ ಮನುಷ್ಯರ ಹೆಸರಿದೆ. ಹೆಸರು ಯಾರಿಗೂ ತೊಂದರೆ ಕೊಡಲಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ ಎಂಬಲ್ಲಿ ಎರಡು ಮನೆಗಳೂ ಕಚ್ಚೆ ಕಟ್ಟಿದವು.

ನಾನು ಜಿಂಕಿಯ ಪೇರಪ್ಪ, ಅಂದರೆ ಅವಳ ಅಪ್ಪನ ಅಣ್ಣ. ತಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಕುರ್ಚಿ ಹಾಕಿ ಕೂರಿಸುವುದು ನನ್ನನ್ನೇ. ಬಸ್ಸು ಓಡಿಸಿ ನಿವೃತ್ತನಾದವನು, ಕೂತು ಅಭ್ಯಾಸ. ಹಾಗಾಗಿ ಈ ಯುದ್ಧವನ್ನು ಮೊದಲ ಸಾಲಿನ ಸೀಟಿನಿಂದಲೇ ನೋಡಿದೆ.

ನಮ್ಮಲ್ಲಿ ಒಬ್ಬೊಬ್ಬರಿಗೂ ಎರಡು ಹೆಸರು. ಒಂದು ಚರ್ಚಿನದು. ಮೊದಲ ಹೆಣ್ಣು ಮಗುವಿಗೆ ಅಪ್ಪನ ಅಮ್ಮನ ಹೆಸರು, ಎರಡನೆಯದಕ್ಕೆ ಅಮ್ಮನ ಅಮ್ಮನ ಹೆಸರು. ಅದರಲ್ಲಿ ಯಾರ ಅಭಿಪ್ರಾಯವನ್ನೂ ಕೇಳುವ ಪದ್ಧತಿಯಿಲ್ಲ. ಇನ್ನೊಂದು ಕರೆಯುವ ಹೆಸರು. ನಾನು ಚರ್ಚಿನಲ್ಲಿ ಸೆಬಾಸ್ಟ್ಯನ್, ಊರಿಗೆ ಪಾಪ್ಪಚ್ಚನ್. ನಾಳೆ ನಾನು ಸತ್ತಾಗ ಪೇಪರಿನಲ್ಲಿ ಬರೀ ಸೆಬಾಸ್ಟ್ಯನ್ ಎಂದು ಹಾಕಿಸಿದರೆ ಮಣ್ಣಿಗೆ ನಾಯಿಯೂ ಬರುವುದಿಲ್ಲ. ಹಿಂದೆಲ್ಲ ಚರ್ಚಿನ ಹೆಸರೇ ಕಾಗದಪತ್ರಕ್ಕೂ ಹೋಗುತ್ತಿತ್ತು, ಕರೆಯುವ ಹೆಸರು ಬಾಯಲ್ಲೇ ಇರುತ್ತಿತ್ತು. ಈಗಿನವರು ಕರೆಯುವುದನ್ನೇ ಶಾಲೆಗೂ ಬ್ಯಾಂಕಿಗೂ ಬರೆಸುತ್ತಾರೆ. ಚರ್ಚಿನ ಹೆಸರು ಜ್ಞಾನಸ್ನಾನದ ದಿನ ಒಮ್ಮೆ ಕೇಳಿಸಿದರೆ ಮತ್ತೆ ಮದುವೆಯ ದಿನವೇ. ಜಿಂಕಿಗೆ ಮರಿಯಂ ಎಂಬ ಹೆಸರಿರುವುದು ನನಗೂ ಅವಳ ಮದುವೆಯಲ್ಲೇ ನೆನಪಾಗಿದ್ದು.

ಜಗಳಕ್ಕೆ ಬೆಂಕಿ ಹಾಕಿದವಳು ಕ್ರಿಸ್ಪಿನ್ನನ ಅಮ್ಮ ಲೀಲಮ್ಮ. ಸೊಗಸುಗಾರ್ತಿ ಹೆಂಗಸು, ತರಕಾರಿ ತರಲು ಹೊರಟರೂ ಸೀರೆಗೆ ಪಿನ್ನು ಹಾಕುವವಳು. ಹೆಸರು ಇಂಗ್ಲಿಷಿನ ‘ಸಿ’ಯಿಂದ ಶುರುವಾಗಬೇಕು, ಮಗನ ಹೆಸರೂ ಹಾಗೇ ಶುರುವಾಗುವುದು, ಎಂದು ಫೋನಿನಲ್ಲಿ ಹೇಳಿದಳು. ಮೊದಲ ಮೂರು ಅಕ್ಷರ ನಮ್ಮದು, ಕೊನೆಯ ಮೂರು ನಿಮ್ಮದು, ಸಮಸಮ ಎಂದಳು. ಜಿಂಕಿಯ ಅಮ್ಮ ಮರಿಯಕ್ಕುಟ್ಟಿ ಆಗ ಹೂಂಗುಟ್ಟಿದಳು. ಅಪ್ಪದ ಹಿಟ್ಟು ರುಬ್ಬುತ್ತಾ ಯೋಚಿಸಿದಳು ನೋಡಿ, ಹಿಟ್ಟಿನ ಜೊತೆ ಅವಳೂ ಹುಳಿಯಾದಳು. ತಲೆ ಅವರಿಗೆ, ಬಾಲ ನಮಗೆ, ಇದು ಯಾವ ಸೀಮೆಯ ಸಮಸಮ ಎಂದು ನನ್ನನ್ನು ಕೇಳಿದಳು. ‘ಕೆ’ ಹಾಕಿದರೂ ಉಚ್ಚಾರ ಅದೇ, ‘ಕೆ’ ಇರುವುದು ಜಿಂಕಿಯ ಹೆಸರಿನಲ್ಲಿ, ಆದ್ದರಿಂದ ‘ಕೆ’ಯೇ ಆಗಬೇಕು ಎಂದು ತೀರ್ಪು ಕೊಟ್ಟಳು.

ಆಗ ಲೀಲಮ್ಮ ಲೆಕ್ಕ ಹಾಕಿ, ನಿಮಗೆ ನಾಲ್ಕಾಯಿತು ನಮಗೆ ಎರಡಾಯಿತು ಎಂದು, ಸರಿದೂಗಿಸಲು ಕೊನೆಗೊಂದು ‘ಇ’ ಬೇಕೆಂದಳು. ಮರಿಯಕ್ಕುಟ್ಟಿ ತನ್ನ ಹೆಸರಿನ ನೆನಪಿಗೆ ‘ಕೆ’ಯನ್ನು ಜೋಡಿ ಮಾಡಿದಳು. ಲೀಲಮ್ಮ ತೀರಿಹೋದ ತನ್ನ ಗಂಡ ಚಾಕ್ಕೋಚ್ಚನ್ ಹೆಸರಿನಲ್ಲಿ ಒಂದು ‘ಹೆಚ್’ ತಂದಳು. ಮರಿಯಕ್ಕುಟ್ಟಿ ನನ್ನ ತಮ್ಮನ ಹೆಸರಿನಲ್ಲಿ ‘ಡಿ’ ತುರುಕಲು ಜಾಗ ಹುಡುಕಿದಳು. ಬಸ್ಸಿನ ಹಣೆಯ ಬೋರ್ಡಿಗೆ ಇಷ್ಟುದ್ದ ಬರೆದರೆ ಡ್ರೈವರಿಗೆ ರಸ್ತೆ ಕಾಣುವುದಿಲ್ಲ ಎಂದು ನಾನು ಹೇಳಿದೆ. ನನ್ನನ್ನು ವಾಟ್ಸಪ್ ಗುಂಪಿನಿಂದ ತೆಗೆದುಹಾಕಿದರು.

ತಮಾಷೆ ಹಾಗಿರಲಿ, ಸಿಕ್ಕಿಹಾಕಿಕೊಂಡಿದ್ದು ಹುಡುಗ ಹುಡುಗಿ. ಮದುವೆಯಾದಾಗಿನಿಂದ ಅವನು ಅಲ್ಲಿ, ಇವಳು ಇಲ್ಲಿ. ಈಗ ಕಂಪನಿಯವರು ಅವನಿಗೆ ಸಂಸಾರ ಇಡಲು ಫ್ಲಾಟು ಕೊಟ್ಟಿದ್ದರು, ಈ ರಜೆ ಮುಗಿಸಿ ಬರುವಾಗ ಹೆಂಡತಿ ಮಗುವನ್ನು ಕರೆತರದಿದ್ದರೆ ಅದು ಬೇರೆಯವರ ಪಾಲು. ಮಗು ವಿಮಾನ ಹತ್ತಲು ಪಾಸ್‌ಪೋರ್ಟು ಬೇಕು, ಪಾಸ್‌ಪೋರ್ಟಿಗೆ ಹೆಸರು ಬೇಕು, ಹೆಸರಿಗೆ ಅಕ್ಷರ ಬೇಕು. ಜಿಂಕಿ ಆಗಲೇ ಕುಕ್ಕರನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಳು. ನೀವಿಬ್ಬರೇ ಕೂತು ಏನಾದರೂ ಬರೆದು ಕಳಿಸಿ ಎಂದೆ. ಕ್ರಿಸ್ಪಿನ್ ತನ್ನ ಅಮ್ಮನ ಹೆಸರೆತ್ತಿದರೆ ಅಂಗಿಯ ಗುಂಡಿ ಹಾಕಿಕೊಳ್ಳುವವನು. ಜಿಂಕಿಗಾದರೋ, ದಿನಾ ಎಣ್ಣೆ ತಿಕ್ಕಿ ಬಿಸಿನೀರು ಹಾಕುವ ಕೈಯನ್ನು ಎದುರು ಹಾಕಿಕೊಳ್ಳುವ ಧೈರ್ಯವಿಲ್ಲ. ಬಿಸಿನೀರು ಎಂಥ ಬಿಸಿ ಇರಬೇಕೆಂದು ತೀರ್ಮಾನಿಸುವುದು ಆ ಕೈಯೇ ತಾನೇ.

ಹೀಗಿರುವಾಗ ಜ್ಞಾನಸ್ನಾನದ ಭಾನುವಾರ ಬಂತು. ಮಗುವಿನ ತಲೆ ಮುಟ್ಟಿ ನಿಲ್ಲುವ ಧರ್ಮತಾಯಿ ನನ್ನ ಹೆಂಡತಿ ತ್ರೇಸ್ಯ, ಧರ್ಮತಂದೆ ನಾನು. ಪಾದ್ರಿ ಅಚ್ಚನ್ ಹೆಸರು ಕೇಳಿದಾಗ ಚರ್ಚಿನ ಹೆಸರನ್ನು ಹೇಳುವುದು ಧರ್ಮತಾಯಿಯ ಕೆಲಸ. ಹಿಂದಿನ ದಿನ ಲೀಲಮ್ಮ ತ್ರೇಸ್ಯಳಿಗೆ ಫೋನು ಮಾಡಿ, ಕೋಣೆಯ ಬಾಗಿಲು ಹಾಕಿಸಿ, ಒಂದು ಗುಟ್ಟು ಹೇಳಿದಳು. ಲೀಲಮ್ಮ ಎನ್ನುವುದು ಕರೆಯುವ ಹೆಸರಂತೆ. ಚರ್ಚಿನ ಹೆಸರು ಬೇರೆಯಂತೆ. ನಾಳೆ ಅದನ್ನು ಅಚ್ಚನ್ ಕಿವಿಗಷ್ಟೇ ಬೀಳುವ ಹಾಗೆ ಹೇಳಬೇಕಂತೆ.

ಕೇಳಿದ್ದು ಯಾರ ಹತ್ತಿರ ಹೇಳಿ. ತ್ರೇಸ್ಯ ನಮ್ಮ ಚರ್ಚಿನ ಹಾಡುಗಾರರ ಮುಂದಾಳು. ಅವಳು ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ರಬ್ಬರ್ ತೋಟದಲ್ಲಿ ಹಾಲು ಇಳಿಸುವವರು ಏನು ಎಂದು ಕೇಳುತ್ತಾರೆ. ಮೆಲ್ಲಗೆ ಹೇಳಬೇಕು ಎಂದು ಬೆಳಗ್ಗೆಯಿಂದ ಅಭ್ಯಾಸ ಮಾಡಿದಳು ಪಾಪ. ಅಚ್ಚನ್ ಕೇಳಿದಾಗ ಬಾಯಿ ತೆರೆದಳು, ಮೊದಲ ಸಲ ಗಾಳಿ ಮಾತ್ರ ಬಂತು. ಅಚ್ಚನ್ ಇನ್ನೊಮ್ಮೆ ಕೇಳಿದರು. ಇವಳು ಗಾಬರಿಯಲ್ಲಿ ಭಾನುವಾರದ ಪೂರ್ತಿ ಗಂಟಲು ಬಿಟ್ಟಳು.

“ಪೆಣ್ಣಮ್ಮ.”

ಪಾರಿವಾಳಗಳು ಹಾರಿದವು. ಪೆಣ್ಣಮ್ಮ ಅಂದರೆ ‘ಹೆಣ್ಣಮ್ಮ’ ಎಂದ ಹಾಗೆ. ಐದನೆಯದೂ ಹೆಣ್ಣಾಯಿತೆಂದು ಲೀಲಮ್ಮನ ಅಪ್ಪ ಯೋಚಿಸುವ ಶ್ರಮವನ್ನೂ ತೆಗೆದುಕೊಳ್ಳದೆ ಇಟ್ಟ ಹೆಸರದು. ನಮ್ಮ ಕಡೆಯ ಬೆಂಚಿನಿಂದ ಯಾರೋ ಮೂಗಿನಲ್ಲಿ ನಕ್ಕರು. ಮರಿಯಕ್ಕುಟ್ಟಿ ಇರಬಹುದು, ಆಣೆ ಮಾಡಿ ಹೇಳಲಾರೆ. ಲೀಲಮ್ಮ ಸೀರೆಯ ಪಿನ್ನು ನೋಡಿಕೊಳ್ಳುತ್ತಾ ನಿಂತಿದ್ದಳು, ತಲೆ ಎತ್ತಲಿಲ್ಲ. ಇಂಗ್ಲಿಷಿನ ಅಕ್ಷರಗಳನ್ನು ಅಷ್ಟು ಗಲಾಟೆ ಮಾಡಿ ಎಣಿಸುತ್ತಿದ್ದವಳು ಯಾವ ಹೆಸರು ಯಾರ ಕಿವಿಗೂ ಬೀಳದಿರಲಿ ಎಂದು ಎಣಿಸುತ್ತಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಮಗು ಮಾತ್ರ ತಲೆಗೆ ನೀರು ಬಿದ್ದರೂ ಅಳಲಿಲ್ಲ. ಧರ್ಮತಾಯಿಯ ಗಂಟಲಿಗೆ ಬೆದರಿತ್ತೋ ಏನೋ.

ಊಟ ಚರ್ಚಿನ ಪಕ್ಕದ ಸಭಾಂಗಣದಲ್ಲಿ. ಪಾಲಪ್ಪ, ಬಾತುಕೋಳಿ ರೋಸ್ಟು, ಮೀನಿನ ಸಾರು, ಎಲ್ಲ ತಯಾರು. ಅದಕ್ಕೆ ಮುಂಚೆ ಕೇಕು ಕತ್ತರಿಸಬೇಕು. ನೋಡಿದರೆ ಮೇಜಿನ ಮೇಲೆ ಎರಡು ಕೇಕು. ಒಂದನ್ನು ಲೀಲಮ್ಮ ಗುಟ್ಟಾಗಿ ಹೇಳಿ ಮಾಡಿಸಿದ್ದು, ‘ಸಿ’ಯಿಂದ ಶುರು. ಇನ್ನೊಂದನ್ನು ಮರಿಯಕ್ಕುಟ್ಟಿ ಗುಟ್ಟಾಗಿ ಹೇಳಿ ಮಾಡಿಸಿದ್ದು, ‘ಕೆ’ಯಿಂದ ಶುರು. ಎರಡೂ ಒಂದೇ ಬೇಕರಿ. ಬೇಕರಿಯವನು ಅವಳಿ ಮಕ್ಕಳೆಂದುಕೊಂಡು, ಸಂತೋಷಪಟ್ಟು, ತನ್ನ ಲೆಕ್ಕದಲ್ಲಿ ಎರಡು ಗಿಲಕಿ ಇಟ್ಟು ಕಳಿಸಿದ್ದ. ಬಂದವರಲ್ಲಿ ಅರ್ಧ ಜನ ಎರಡನೆಯ ಮಗುವನ್ನು ಹುಡುಕುತ್ತಿದ್ದರು.

ಧರ್ಮತಂದೆ ಎಂದು ಚಾಕು ನನ್ನ ಕೈಗೆ ಕೊಟ್ಟರು. ಯಾವುದನ್ನು ಮೊದಲು ಕತ್ತರಿಸಿದರೂ ನನಗೆ ಒಂದು ಮನೆಯಲ್ಲಿ ಊಟವಿಲ್ಲ. ಹಸಿವು ಬೇರೆ. ಚಾಕು ಹಿಡಿದು, ಬ್ರೇಕಿಲ್ಲದ ಬಸ್ಸಿನಲ್ಲಿ ಕೂತವನ ಹಾಗೆ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನೋಡಿದೆ.

ಲೀಲಮ್ಮ ಮುಂದೆ ಬಂದಳು. ಚರ್ಚಿನಲ್ಲಿ ಆದ ನೋವು ಮುಖದಲ್ಲೇ ಇತ್ತು. “ಆ ‘ಕೆ’ ಇರೋ ಕೇಕಿಗೆ ಚಾಕು ತಾಗ್ಸಿದ್ರೆ, ಮಗೂನ ಕರ್ಕೊಂಡು ಹೋಗೋಕೆ ನಾನು ಬರಲ್ಲ. ಹೇಳಿದೀನಿ.”

ಬಾಣಂತಿ ಮಗುವನ್ನು ಗಂಡನ ಮನೆಯವರು ತಿಂಡಿ ಪಲಹಾರ ಹೊತ್ತು ಬಂದು ಕರೆದೊಯ್ಯಬೇಕು. ಅವರು ಬರುವುದಿಲ್ಲ ಎಂದರೆ ಅದಕ್ಕಿಂತ ದೊಡ್ಡ ಮಾತು ನಮ್ಮಲ್ಲಿ ಇಲ್ಲ.

ಮರಿಯಕ್ಕುಟ್ಟಿ ಬಿಡುತ್ತಾಳೆಯೇ. “ಬರದೇ ಇದ್ರೆ ಬಿಡಿ ಪೆಣ್ಣಮ್ಮ ಚೇಡತ್ತಿ,” ಎಂದಳು. ಚೇಡತ್ತಿ ಎಂದರೆ ಅಕ್ಕ, ಅದು ಮರ್ಯಾದೆಗೆ. ಪೆಣ್ಣಮ್ಮ ಎಂಬುದನ್ನು ಎಲೆಗೆ ಉಪ್ಪಿನಕಾಯಿ ಬಡಿಸಿದ ಹಾಗೆ ಬಡಿಸಿದಳು.

ಲೀಲಮ್ಮನ ಕೈ ಮತ್ತೆ ಸೀರೆಯ ಪಿನ್ನಿಗೆ ಹೋಯಿತು. ಕ್ರಿಸ್ಪಿನ್ ಅಂಗಿಯ ಕತ್ತಿನ ಗುಂಡಿಯನ್ನೂ ಹಾಕಿಕೊಂಡ. ಆಗ ಜಿಂಕಿ ಮಗುವನ್ನೆತ್ತಿಕೊಂಡು ಸೀದಾ ಅತ್ತೆಯ ಮುಂದೆ ಹೋಗಿ ನಿಂತಳು.

“ಅಮ್ಮಚ್ಚಿ, ಇಷ್ಟು ಒಳ್ಳೆ ಹೆಸರನ್ನ ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟು ದಿನ?”

“ನೀನೂ ನಗ್ತಿದೀಯಾ ಮೋಳೇ?”

“ನಗ್ತಿಲ್ಲ. ಪಾಸ್‌ಪೋರ್ಟಿಗೆ ಇದನ್ನೇ ಬರೆಸ್ತೀನಿ. ಕ್ರಿಂಕಿ ನಮ್ಮ ಬಾಯಲ್ಲಿರ್ಲಿ. ಬಾಯಲ್ಲಿರೋ ಹೆಸರಿಗೆ ‘ಸಿ’ ಯಾಕೆ, ‘ಕೆ’ ಯಾಕೆ? ನೀವು ‘ಸಿ’ ಅಂದ್ಕೊಂಡು ಕರೀರಿ, ನಮ್ಮಮ್ಮ ‘ಕೆ’ ಅಂದ್ಕೊಂಡು ಕರೀಲಿ. ಇವಳಿಗೆ ಎರಡೂ ಒಂದೇ ಥರ ಕೇಳ್ಸುತ್ತೆ.”

ಇದು ನಮ್ಮ ಹಳೆಯ ಪದ್ಧತಿಯೇ, ಚರ್ಚಿನದು ಕಾಗದಕ್ಕೆ, ಇನ್ನೊಂದು ಬಾಯಿಗೆ. ನನ್ನ ಇಡೀ ಜೀವಮಾನ ಹಾಗೇ ಕಳೆದಿದೆ. ಆದರೂ ಅಷ್ಟು ದಿನ ಕುರ್ಚಿಯಲ್ಲಿ ಕೂತು ಕಾಫಿ ಕುಡಿದ ನನಗೆ ಇದು ಹೊಳೆದಿರಲಿಲ್ಲ. ಲೀಲಮ್ಮ, ಬೇಡ, ಎಲ್ಲರೂ ನಗುತ್ತಾರೆ, ನನ್ನನ್ನು ನೋಡಿ ಶಾಲೆಯಲ್ಲಿ ನಕ್ಕ ಹಾಗೆ ಇವಳನ್ನೂ ನೋಡಿ ನಗುತ್ತಾರೆ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಇಷ್ಟು ವರ್ಷದಲ್ಲಿ ಅವಳ ಸಣ್ಣ ದನಿ ನಾನು ಕೇಳಿದ್ದು ಅದೇ ಮೊದಲು. ಜಿಂಕಿ, ಮಸ್ಕತ್ತಿನಲ್ಲಿ ನಗುವವರು ಯಾರು, ಅಲ್ಲಿಯ ಲಿಫ್ಟುಗಳಿಗೆ ಮಲಯಾಳ ಬರುತ್ತದಾ ಎಂದು ಕೇಳಿದಳು. ಕ್ರಿಸ್ಪಿನ್, ಇಲ್ಲ, ಅವು ಬರೀ ಅರಬ್ಬಿ ಮತ್ತು ಇಂಗ್ಲಿಷು ಹೇಳುತ್ತವೆ ಎಂದು ಬಹಳ ಗಂಭೀರವಾಗಿ ಉತ್ತರ ಕೊಟ್ಟ. ಹೇಳಿದೆನಲ್ಲ, ಲಿಫ್ಟಿನ ಹೊರಗೆ ಅವನ ತಲೆ ಅಷ್ಟೇ.

ಲೀಲಮ್ಮ ಮಗುವನ್ನು ಎತ್ತಿಕೊಂಡಳು. ಸ್ವಲ್ಪ ಹೊತ್ತು ಅದರ ಮುಖ ನೋಡಿ, “ನಾನು ಎರ್ನಾಕುಳಂ ದಾಟಿ ಎಲ್ಲೂ ಹೋಗಿಲ್ಲ,” ಎಂದಳು. “ಪೆಣ್ಣಮ್ಮ ವಿಮಾನ ಹತ್ತುತ್ತಾಳಾ ಹಾಗಾದ್ರೆ?”

ಹತ್ತುತ್ತಾಳೆ ಎಂದು ತ್ರೇಸ್ಯ ಹೇಳಿದಳು. ಅದು ಬೇಕರಿಯವರೆಗೂ ಕೇಳಿಸಿರಬೇಕು.

ನಾನು ತಡಮಾಡದೆ ಎರಡು ಕೇಕನ್ನೂ ಒಂದರ ಪಕ್ಕ ಒಂದಿಟ್ಟು, ಚಾಕುವನ್ನು ಅಡ್ಡ ಎಳೆದೆ. ಮೊದಲ ಅಕ್ಷರಗಳೆರಡೂ ನನ್ನ ತಟ್ಟೆಗೇ ಬಂದವು. ಧರ್ಮತಂದೆಗೆ ಅಷ್ಟಾದರೂ ಬೇಡವೇ. ‘ಕೆ’ಯಲ್ಲಿ ಸಕ್ಕರೆ ಜಾಸ್ತಿ ಇತ್ತು.

ಮರಿಯಕ್ಕುಟ್ಟಿಗೆ ಮಾತ್ರ ಬಾತುಕೋಳಿ ಅರ್ಧ ಮುಗಿಯುವವರೆಗೂ ಮುಖ ಸಡಿಲಾಗಲಿಲ್ಲ. ಆಮೇಲೆ ಏನೋ ನೆನಪಾಗಿ ಅಳಿಯನ ಪಕ್ಕ ಬಂದು ಕೂತು, ಅವನ ಎಲೆಗೆ ದೊಡ್ಡ ತುಂಡನ್ನೇ ಬಡಿಸಿ, ಎರಡನೆಯ ಹೆಣ್ಣಿಗೆ ಪದ್ಧತಿಯ ಪ್ರಕಾರ ಮರಿಯಕ್ಕುಟ್ಟಿ ಎಂದೇ ಇಡಬೇಕಾಗುತ್ತದೆ, ತಡ ಮಾಡಬೇಡಿ ಎಂದಳು. ಜಿಂಕಿ, ಹೊಲಿಗೆ ಇನ್ನೂ ಆರಿಲ್ಲಮ್ಮ ಎಂದಳು.

ಲೀಲಮ್ಮ ಪಲಹಾರದ ಡಬ್ಬಿಗಳ ಜೊತೆ ಬಂದು ಮಗುವನ್ನು ಕರೆದುಕೊಂಡು ಹೋದಳು. ಪಾಸ್‌ಪೋರ್ಟೂ ಬಂತು, ಟಿಕೀಟೂ ಆಯಿತು. ಕಳಿಸಿಕೊಡಲು ನಾವೆಲ್ಲ ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ಹೋದೆವು. ಒಳಗೆ ಬಿಡುವುದಿಲ್ಲ, ಕಂಬಿಯ ಹೊರಗೆ ನಿಂತು ಕೈಬೀಸಬೇಕು. ಬಾಗಿಲಲ್ಲಿ ಬಂದೂಕು ಹಿಡಿದ ಒಬ್ಬ ಹಿಂದಿಯವನು ಪಾಸ್‌ಪೋರ್ಟುಗಳನ್ನು ನೋಡುತ್ತಿದ್ದ. ಕ್ರಿಸ್ಪಿನ್ನನದು ನೋಡಿದ, ಜಿಂಕಿಯದು ನೋಡಿದ. ಮೂರನೆಯದನ್ನು ತೆರೆದು, ಹೆಸರನ್ನು ನಾಲಿಗೆಯಲ್ಲಿ ಒಮ್ಮೆ ಹೊರಳಿಸಿ, ಇದು ಯಾರು ಎನ್ನುವ ಹಾಗೆ ಜೋರಾಗಿ ಕೂಗಿದ.

“ಪೆಣ್ಣಮ್ಮ?”

ಕಂಬಿಯ ಹೊರಗೆ, ಹೊಸ ಸೀರೆಗೆ ಪಿನ್ನು ಹಾಕಿ, ಇಡೀ ಕೇರಳದ ಜನ ಸೇರಿರುವ ಆ ಜಾಗದಲ್ಲಿ, ಲೀಲಮ್ಮ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿ “ಓ” ಎಂದಳು.