ನೇರಳೆ ಹಣ್ಣಿನ ನೆವ

ರಾಯಚೂರಿನ ದವಾಖಾನೆಯಲ್ಲಿ ನರ್ಸ್ ನಾಹಿದ್ ಹುಲಗೆಮ್ಮನ ಸಕ್ಕರೆ ಕಾಯಿಲೆಗೆ ಏನೇನು ತಿನ್ನಬಾರದೆಂದು ಹೇಳಿ, ಕೊನೆಗೆ ನಕ್ಕಳು.

“ನೇರಲಹಣ್ಣು ಒಂದು ಹಿಡಿ ತಿನ್ರಿ ಯವ್ವಾ, ಸಿಪ್ಪಿ ಸಮೇತ. ಆ ಕಪ್ಪು ಬಣ್ಣದಾಗ ರಕ್ತನಾಳಕ್ಕ ಒಳ್ಳೇದು ಮಾಡೋ ಗುಣ ಅದ ಅಂತಾರ. ಆದ್ರ ಗುಳಿಗಿ ಮಾತ್ರ ಬಿಡಬ್ಯಾಡ್ರಿ.”

ಹುಲಗೆಮ್ಮನಿಗೆ ದೇವದುರ್ಗದ ತವರು ನೆನಪಾಯಿತು. ಅಣ್ಣ ಸಾಬಣ್ಣ ಹೊಲದ ಬದುವಿನ ನೇರಳೆ ಮರ ಹತ್ತಿ ಕೊಂಬೆ ಅಲುಗಿಸಿದರೆ, ಕೆಳಗೆ ಇವಳು ಲಂಗ ಒಡ್ಡಿ ನಿಲ್ಲುತ್ತಿದ್ದಳು. ಆ ಮನೆಗೆ ಹೋಗಿ ವರ್ಷಗಳೇ ಆಗಿದ್ದವು. ಅವ್ವ ತೀರಿದಾಗ ಇವಳು ಬಂದು ಮುಟ್ಟುವ ಮೊದಲೇ ಅಣ್ಣ ಮಣ್ಣು ಮಾಡಿಸಿದ್ದ. ಆ ಸಿಟ್ಟಿಗೆ ಅವಳು ಮತ್ತೆ ಹೊಸ್ತಿಲು ತುಳಿಯಲಿಲ್ಲ. ಆದರೂ ನಾಗರ ಪಂಚಮಿ ಬಂದಾಗಲೆಲ್ಲ, ತವರಿಗೆ ಕರೆಯಲು ಯಾರಾದರೂ ಬಂದಾರೆಂದು ಬಾಗಿಲ ಕಡೆ ನೋಡುತ್ತಿದ್ದಳು.

ರಾಯಚೂರಿನ ಮಾರ್ಕೆಟ್ಟಿನಲ್ಲೇ ನೇರಳೆ ರಾಶಿ ಬಿದ್ದಿತ್ತು. ಅವಳು ಅದನ್ನು ದಾಟಿ ಮಾನ್ವಿ ಬಸ್ಸು ಹತ್ತಿದಳು. ಅಣ್ಣ ಈಗ ಅಲ್ಲಿ ಬಸ್ ಸ್ಟ್ಯಾಂಡಿನ ಮುಂದೆ ಹಣ್ಣು ಮಾರುತ್ತಾನೆಂದು ಯಾರೋ ಹೇಳಿದ್ದರು.

ಸಾಬಣ್ಣ ಬಹಳ ಸೊರಗಿದ್ದ. ಎದುರು ನಿಂತವಳನ್ನು ನೋಡಿ, “ನೇರಲಹಣ್ಣು ತಗೋರಿ ಯವ್ವಾ,” ಎಂದ.

ಹುಲಗೆಮ್ಮ ಇನ್ನಷ್ಟು ಹತ್ತಿರ ಬಾಗಿದಳು. “ಅಣ್ಣಾ, ನಾನು.”

ಅವನ ಕೈ ಬುಟ್ಟಿಯಲ್ಲೇ ನಿಂತಿತು. “ಹುಲಗೀ? ಕಣ್ಣು ಮಂಜಾಗ್ಯಾವ ಬೇ, ಗುರುತು ಹತ್ತಲಿಲ್ಲ. ಶುಗರ್ ಬಂದದ. ಗುಳಿಗಿ ಬಿಟ್ಟು ಬರೀ ಈ ಹಣ್ಣು ತಿನ್ನಾಕತ್ತೀನಿ, ಕಮ್ಮಿ ಆಗ್ತದ ಅಂದ್ರು.”

“ಹಣ್ಣು ಒಳ್ಳೇದು ಖರೆ, ಔಷಧ ಅಲ್ಲೋ ಯಪ್ಪಾ! ನನಗೂ ಅದೇ ಬ್ಯಾನಿ ಅದ. ಏಳು, ದವಾಖಾನಿಗೆ ನಡಿ.”

ಅವನು ಏಳಲಿಲ್ಲ. “ಅವತ್ತು ನೀ ಬರೋತನಕ ತಡೀಬೇಕಿತ್ತು. ಸುಡು ಬ್ಯಾಸಗಿ, ಹಿರೇರು ಅವಸರ ಮಾಡಿದ್ರು. ಯಾವ ಮುಖ ಇಟ್ಕೊಂಡು ನಿನ್ನ ಕರೀಲಿ?”

ಅವಳು ಬುಟ್ಟಿ ಎತ್ತಿ ಕಂಕುಳಿಗೆ ಇಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಅವನ ಮುಂಗೈ ಹಿಡಿದಳು.

ದವಾಖಾನೆಯಲ್ಲಿ ಡಾಕ್ಟರು ಸಾಬಣ್ಣನಿಗೆ ಬೈದು, ಗುಳಿಗೆ ಮತ್ತೆ ಶುರು ಮಾಡಿಸಿದರು. ಕಣ್ಣು ಮೊದಲಿನಂತಾಗುವುದು ಕಷ್ಟ, ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದು ಎಂದರು. ಕಣ್ಣಿನ ಪರೀಕ್ಷೆಗೆ ಕಾಯುತ್ತ ಇಬ್ಬರೂ ಬೆಂಚಿನ ಮೇಲೆ ಕೂತರು.

“ಅಣ್ಣಾ, ಕಡೀಕ ಅವ್ವನ ಮುಖ ಹೆಂಗಿತ್ತು?”

ಸಾಬಣ್ಣ ಕಣ್ಣು ಮುಚ್ಚಿಕೊಂಡು, ಹಣೆಯ ಕುಂಕುಮದಿಂದ ಶುರುಮಾಡಿ, ನಿಧಾನವಾಗಿ ಹೇಳತೊಡಗಿದ.