ಸೇತುವೆ ನೋಡಲು ಬಂದವನು

ಜೋಗ ನೋಡಲು ಬರುವವರನ್ನು ಕಂಡಿದ್ದೇನೆ. ಕೊಲ್ಲೂರಿಗೆ ಹರಕೆ ಹೊತ್ತು ಹೋಗುವವರಿಗೆ ಚಾ ಕೊಟ್ಟಿದ್ದೇನೆ. ಆದರೆ ಸೇತುವೆ ನೋಡುವುದಕ್ಕೆಂದೇ ಬಸ್ಸು ಹತ್ತಿ ಬಂದ ಗಂಡಸನ್ನು ನಾನು ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು. ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ ಅನ್ನುತ್ತಾರಲ್ಲ, ಹಾಗೆ!

ಅದು ಅರವತ್ತಾರನೇ ಇಸವಿಯ ಬೇಸಿಗೆ. ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ದೊಡ್ಡಹಳ್ಳ ಸಿಗುತ್ತದೆ. ಅದರ ಕಲ್ಲು ಸೇತುವೆಯ ಮಗ್ಗುಲಲ್ಲೇ ನನ್ನ ಚಾದಂಗಡಿ. ಬಸ್ಸಿಳಿದವರು ಯಾರೇ ಆಗಲಿ, ಮೊದಲು ನನ್ನ ಅಂಗಡಿಯ ಒಲೆಯ ಕಡೆ ನೋಡುತ್ತಾರೆ. ಈ ಆಸಾಮಿ ಸೀದಾ ಸೇತುವೆಗೆ ಹೋದ. ಖಾಕಿ ಅಂಗಿ, ಎತ್ತಿ ಕಟ್ಟಿದ ಪಂಚೆ, ಕೈಯಲ್ಲೊಂದು ಬಿದಿರು ಗಳ. ಸೇತುವೆಯ ಕಟ್ಟೆಗೆ ಭುಜ ಕೊಟ್ಟು ನೂಕಿ ನೋಡಿದ. ಹಳ್ಳಕ್ಕಿಳಿದು ಗುಂಡಿಯಲ್ಲಿ ಗಳ ಊರಿದ. ಕಂಬದ ಬುಡದಲ್ಲಿ ಕೂತು ಕಲ್ಲಿನ ಸಂದುಗಳಿಗೆಲ್ಲ ಬೆರಳು ತೂರಿಸಿದ. ಆಮೇಲೆ ಅಂಗಡಿಗೆ ಬಂದು ಚಾ ಕೇಳಿದ.

“ಎಲ್ಲಿಂದ ಬಂದ್ರಿ?” ಅಂದೆ.

“ತೀರ್ಥಹಳ್ಳಿ ಕಡಿಂದ. ಸೇತುವೆ ನೋಡ್ಕಂತ ಬಂದೆ ಅಮ್ಮಾ. ತುಂಗೆ ಸೇತುವೆ ನೋಡ್ದೆ. ಎಂತಾ ಸೇತುವೆ ಅಂತೀರಿ, ನೋಡೂಕೆ ಎರಡು ಕಣ್ಣು ಸಾಲ್ದು. ಆಮೇಲೆ ಈ ದಾರಿ ಮೇಲಿನ ಸಣ್ಣ-ದೊಡ್ಡ ಎಲ್ಲದೂ ನೋಡ್ದೆ.”

“ನೋಡಿ ಎಂತ ಮಾಡ್ತೀರಿ?”

“ಎಂತ ಮಾಡೂದು, ಒಂದು ಆಸೆ,” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದ. ಚಾ ಗುಟುಕರಿಸಿ, ಮೆಲ್ಲಗೆ ಕೇಳಿದ: “ಅಲ್ಲ, ಮಳೆಗಾಲದಲ್ಲಿ ಇಲ್ಲಿ ನೀರು ಎಲ್ಲೀ ತನಕ ಏರ್ತದೆ?”

ಒಲೆಗೆ ಸೌದೆ ತುರುಕುತ್ತಿದ್ದವಳು ತಟ್ಟನೆ ತಿರುಗಿದೆ.

ಆ ಮಾತನ್ನು ನಾನು ಮೊದಲೂ ಕೇಳಿದ್ದೆ. ಶರಾವತಿ ಕಣಿವೆಯ ನಮ್ಮ ಹಳೆಯ ಊರಿಗೆ ಗಳ ಹಿಡಿದ ಸರ್ವೆಯವರು ಬಂದು ಕೇಳಿದ್ದೂ ಇದನ್ನೇ. ನಾವೋ, ಬೆಪ್ಪುತಕ್ಕಡಿಗಳು, ಅವರಿಗೆ ಕಡುಬು ಬಡಿಸಿ, ಕೈ ಹಿಡಿದು ಕರೆದುಕೊಂಡು ಹೋಗಿ, ನೀರು ಏರುವ ಜಾಗವನ್ನೆಲ್ಲ ತೋರಿಸಿದ್ದೆವು. ಆಮೇಲೆ ಅಣೆಕಟ್ಟು ಎದ್ದಿತು, ನೀರು ಬಂತು. ಮನೆ ಹೋಯಿತು. ಗೇಣಿಗೆ ಮಾಡುತ್ತಿದ್ದ ಗದ್ದೆ ಹೇಗೂ ನಮ್ಮದಲ್ಲ, ಅದಕ್ಕೆ ಅಳುವ ಹಕ್ಕೂ ನಮಗೆ ಇರಲಿಲ್ಲ. ಇಲ್ಲಿಗೆ ಬಂದು ಲಂಟಾನ ಕಡಿದು, ಕಲ್ಲು ಕಿತ್ತು, ಈಗಷ್ಟೇ ಒಂದು ಗದ್ದೆ ಎಂದು ಮಾಡಿಕೊಂಡಿದ್ದೆವು.

ಅದಕ್ಕಿಂತ ದೊಡ್ಡ ಸಂಕಟ ನನ್ನ ಮಗ ಪುಟ್ಟಪ್ಪನದು. ಮುಳುಗುವ ಊರಿಗೆ ಹೆಣ್ಣು ಕೊಡುವವರು ಯಾರು? ಹೋದ ಕಡೆಯೆಲ್ಲ, “ನಿಮ್ಮೂರು ಇನ್ನೆಷ್ಟು ದಿನ ಮಾರಾಯ್ತಿ?” ಎಂದು ಕೇಳಿ ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದರು. ಅವನ ವಾರಗೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದವು. ಈಗ ಹುಲಿಯಮ್ಮ ಎಂಬ ನೆಂಟರವಳು ಓಡಾಡಿ, ತೀರ್ಥಹಳ್ಳಿ ಕಡೆಯ ಮೇಳಿಗೆಯಲ್ಲಿ ಯಮುನೆ ಎಂಬ ಹುಡುಗಿಯನ್ನು ಗೊತ್ತು ಮಾಡಿದ್ದಳು. ದೊಡ್ಡಹಳ್ಳಕ್ಕೂ ಗಳ ಬಂತು ಎಂಬ ಸುದ್ದಿ ಆ ಮನೆಯವರ ಕಿವಿಗೆ ಬಿದ್ದರೆ ಮುಗಿಯಿತು, ನನ್ನ ಮಗ ಬ್ರಹ್ಮಚಾರಿಯಾಗಿಯೇ ಮುದುಕನಾಗುತ್ತಾನೆ.

ಬೆಂಚಿನ ಮೇಲೆ ನಮ್ಮೂರ ಹಿರಿಯ ಮಾಸ್ತಪ್ಪ ಕೂತಿದ್ದ. ಅವನೂ ನಮ್ಮ ಹಾಗೆ ಮುಳುಗಿ ಎದ್ದು ಬಂದವನು. ನನಗೆ ಕಣ್ಣು ಮಿಟುಕಿಸಿ, ಬಂದವನ ಕಡೆ ತಿರುಗಿದ.

“ನೀರಾ? ಅದರ ಕತೆ ಎಂತ ಕೇಳ್ತೀರಿ! ಈ ಹಳ್ಳದಲ್ಲಿ ಕಟ್ಟಿದ್ದು ಎಂತದೂ ನಿಲ್ಲೂದಿಲ್ಲ. ಅಡಿಲಿ ಬರೀ ಸಡಿಲ ಮಣ್ಣು. ಈ ಸೇತುವೆ ಉಂಟಲ್ಲ, ಲಾರಿ ಹೋದ್ರೆ ತೊಟ್ಟಿಲು ತೂಗ್ದಂಗೆ ತೂಗ್ತದೆ.”

“ಹೌದನಾ?” ಎಂದ ಅವನು. ಮುಖ ಸಣ್ಣದಾಯಿತು.

ಅದು ಸಣ್ಣದಾದದ್ದು ಕಂಡು ನನಗೆ ಹುರುಪು ಬಂತು. “ಆರಿದ್ರೆ ಮಳೆ ಹಿಡೀತು ಅಂದ್ರೆ ಸೇತುವೆ ಮೇಲೇ ನೀರು,” ಅಂದೆ. “ಗೌರಿ ಹಬ್ಬದ ತನಕ ಆಚೆಯವರು ಆಚೆ, ಈಚೆಯವರು ಈಚೆ. ಸತ್ರೂ ಹೇಳಿ ಕಳ್ಸೂಕೆ ಆಗೂದಿಲ್ಲ.”

“ಬಸ್ರಿ ಹೆಂಗಸ್ರು ಇದ್ರೆ?”

ಇದೆಂತ ಪ್ರಶ್ನೆ ಎಂದು ಆಗಲೇ ನನಗೆ ಅನಿಸಬೇಕಿತ್ತು. ಅನಿಸಲಿಲ್ಲ. ಜನ ಎಣಿಸುವುದಕ್ಕೆ ಕೇಳುತ್ತಿದ್ದಾನೆ ಅಂದುಕೊಂಡೆ. “ದೇವ್ರೇ ಗತಿ,” ಅಂದೆ.

ಅವನು ಲೋಟ ಕೆಳಗಿಟ್ಟ. “ಇಲ್ಲಿ ಪುಟ್ಟಪ್ಪ ಅಂತ ಒಬ್ರು ಇದಾರಂತಲ್ಲ?”

ಹೆಸರು ಸಮೇತ ಬಂದಿದ್ದಾನಲ್ಲ, ಕಳ್ಳ! ಹಳೆಯ ಊರಲ್ಲೂ ಹೆಸರು ಕರೆದು ಕರೆದೇ ಎಬ್ಬಿಸಿದ್ದರು.

“ಆ ಹೆಸರಿನವ್ರು ಯಾರೂ ಇಲ್ಲ,” ಅಂದುಬಿಟ್ಟೆ. ಮಾಸ್ತಪ್ಪ, “ಇಲ್ಲ, ಇಲ್ಲ,” ಎಂದು ತಲೆ ಅಲ್ಲಾಡಿಸಿದ. ಬಂದವನು ನಮ್ಮಿಬ್ಬರ ಮುಖ ನೋಡಿ, ಚಾದ ಕಾಸು ಇಟ್ಟು, ಸಂಜೆಯ ಬಸ್ಸಿಗೆ ಹೊರಟು ಹೋದ. ಅವತ್ತು ನಾವು ಕಡುಬು ಗಿಡುಬು ಬಡಿಸದೆಯೇ ಅಣೆಕಟ್ಟು ತಪ್ಪಿಸಿದೆವೆಂದು ನಕ್ಕದ್ದೇ ನಕ್ಕದ್ದು.

ಮುಂದಿನ ಸಂತೆಯ ದಿನ ಹುಲಿಯಮ್ಮ ಬಂದಳು. ಬಂದವಳು ಕೂರಲೂ ಇಲ್ಲ, ಹಣೆ ಹಣೆ ಬಡಿದುಕೊಂಡಳು.

“ಅಯ್ಯೋ ದುಗ್ಗಮ್ಮಾ, ಎಂತ ಮಾಡ್ಕಂಡ್ರೇ? ಬಂದಿದ್ದು ಗೋಪಾಲಪ್ಪ! ಯಮುನೆಯ ಸೋದರಮಾವ! ಮನೆತನ ನೋಡೂಕೆ ಹೇಳದೆ ಕೇಳದೆ ಬಂದಿದ್ದ!”

ಹೆಣ್ಣಿನ ಕಡೆಯವರು ಹೀಗೆ ಗುಟ್ಟಾಗಿ ಬಂದು ನೋಡುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅವರು ಕೊಟ್ಟಿಗೆ ನೋಡುತ್ತಾರೆ, ಬಾವಿ ನೋಡುತ್ತಾರೆ, ಅತ್ತೆಯಾಗುವವಳ ನಾಲಿಗೆ ಎಷ್ಟುದ್ದ ಎಂದು ನೆರೆಯವರನ್ನು ಕೇಳುತ್ತಾರೆ. ಸೇತುವೆ ಯಾಕೆ ನೋಡಬೇಕು?

ಅದನ್ನೂ ಹುಲಿಯಮ್ಮನೇ ಹೇಳಿದಳು. ಯಮುನೆಯ ಅಕ್ಕನನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಮಳೆಗಾಲದಲ್ಲಿ ದಿನಕ್ಕೆ ಮೊದಲೇ ಹೊಟ್ಟೆನೋವು ಬಂತು. ಹೊಳೆ ತುಂಬಿತ್ತು, ದೋಣಿಯವನು ಬಿಡಲಿಲ್ಲ. ತಾಯಿ ವರದಮ್ಮ ಈಚೆ ದಡದಲ್ಲಿ ನಿಂತು ಕೂಗಿ ಕೂಗಿ, ನೀರು ಇಳಿದ ಮೇಲೆ ಮಗಳ ಬೂದಿ ನೋಡಿದಳು. ಅಂದಿನಿಂದ ಅವಳದು ಒಂದೇ ಹಟ: ಮಳೆಗಾಲದಲ್ಲಿ ದಾಟುವ ಸೇತುವೆ ಇಲ್ಲದ ಊರಿಗೆ ಎರಡನೆಯವಳನ್ನು ಕೊಡುವುದಿಲ್ಲ. ಅದಕ್ಕೇ ಅವಳ ತಮ್ಮ ಗೋಪಾಲಪ್ಪ ದಾರಿಯ ಸೇತುವೆಗಳನ್ನೆಲ್ಲ ಮುಟ್ಟಿ ನೋಡುತ್ತ ಬಂದದ್ದು.

ಮಗನನ್ನು ಕರೆದುಕೊಂಡು ಮೇಳಿಗೆಗೆ ಓಡಿದೆ. ಗೋಪಾಲಪ್ಪ ಜಗುಲಿಯಲ್ಲಿ ಚಾಪೆ ಹಾಕಿದ, ನೀರು ಬೆಲ್ಲ ಕೊಟ್ಟ. ವರದಮ್ಮ ಒಳಗಿಂದ ಬರಲೇ ಇಲ್ಲ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಸೇತುವೆ ಗಟ್ಟಿಯಿದೆ, ಯಾವ ಮಳೆಯಲ್ಲೂ ನೀರು ಮೇಲೆ ಹತ್ತಿಲ್ಲ, ಹಾವು ಕಚ್ಚಿದವರು ನಾವು, ಹಗ್ಗ ಕಂಡು ಹೆದರಿದೆವು ಎಂದೆ.

“ಅವತ್ತು ಬೀಳ್ತದೆ ಅಂದ್ರಿ. ಇವತ್ತು ಗಟ್ಟಿ ಅಂತೀರಿ,” ಎಂದ ಗೋಪಾಲಪ್ಪ. “ಹೆತ್ತ ಮಗನ್ನೇ ಇಲ್ಲ ಅಂದ ಬಾಯಿ. ಯಾವುದನ್ನ ನಂಬೂದು ಹೇಳಿ.”

ನನಗೆ ಸಿಟ್ಟು ನೆತ್ತಿಗೇರಿತು. “ನೀವೂ ಹೇಳ್ಬೌದಿತ್ತಲ್ಲ, ಹೆಣ್ಣಿನ ಮಾವ ಅಂತ!”

“ಹೇಳಿದ್ರೆ ಕೋಳಿ ಕೊಯ್ದು ಹಾಕ್ತಿದ್ರಿ. ನಿಜ ಹೇಳ್ತಿರ್ಲಿಲ್ಲ.”

ಆಗ, ಹುಟ್ಟಿದಾರಭ್ಯ ನಾಲ್ಕು ಜನರ ಮುಂದೆ ಬಾಯಿ ಬಿಡದ ನನ್ನ ಮಗ ಎದ್ದು ನಿಂತ. “ಮಾವಾ, ಮಾತು ಬ್ಯಾಡ. ಆರಿದ್ರೆ ಮಳೆ ಜೋರು ಹಿಡಿದಾಗ ನಾನೇ ಬರ್ತೀನಿ. ಬಂದ್ರೆ ಹೆಣ್ಣು ಕೊಡಿ. ಬರ್ದಿದ್ರೆ ಬ್ಯಾಡ,” ಎಂದ.

ಆ ವರ್ಷದ ಆರಿದ್ರೆ ಮನೆಯ ಹಂಚು ಹಾರಿಸುವ ಹಾಗೆ ಹಿಡಿಯಿತು. ಪುಟ್ಟಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಟ. ದಾರಿಯುದ್ದಕ್ಕೂ ಮರ ಬಿದ್ದು ಬಸ್ಸುಗಳೆಲ್ಲ ನಿಂತಿದ್ದವು; ನಡೆದೇ ಹೋಗಬೇಕು. ಅವನು ಕಣ್ಮರೆಯಾದ ಮೇಲೆ ನಾನು ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದೆ. ಕೆಂಪು ನೀರು ಕಂಬಗಳಿಗೆ ಗುದ್ದುತ್ತಿತ್ತು. ಇಲ್ಲಿಗೆ ಬಂದಾಗಿನಿಂದ ಕಣ್ಣು ಮುಚ್ಚಿಕೊಂಡು ದಾಟಿದ ಸೇತುವೆ ಅವತ್ತು ಕಾಲಡಿಯಲ್ಲಿ ಅಲುಗಿದಂತೆ ಆಯಿತು. ನಾನು ಆಡಿದ ಮಾತು ಅದಕ್ಕೆ ಕೇಳಿಸಿಬಿಟ್ಟಿದೆಯೋ ಏನೋ ಎಂದುಕೊಂಡೆ. ಮನೆದೇವರಿಗೆ ಹರಕೆ ಹೊತ್ತೆ, ಮಾಸ್ತಪ್ಪನನ್ನು ಬಾಯಿಗೆ ಬಂದ ಹಾಗೆ ಬೈದೆ.

ಮೇಳಿಗೆಯಲ್ಲಿ ನಡೆದದ್ದನ್ನು ಯಮುನೆ ನನಗೆ ಆಮೇಲೆ ಹೇಳಿದಳು. ಅವಳು ಬಾಗಿಲ ಹಿಂದೆ ನಿಂತು ನೋಡಿದಳಂತೆ.

ಪುಟ್ಟಪ್ಪ ಅಂಗಳದಲ್ಲಿ ನಿಂತಿದ್ದ. ಕಾಲೆಲ್ಲ ಕಾಡಿನ ಜಿಗಣೆ ಇಂಬಳ ಕಚ್ಚಿ ರಕ್ತ ಇಳಿಯುತ್ತಿತ್ತು. ಗೋಪಾಲಪ್ಪ, “ಬಂದೇ ಬಂದ್ಯಲ್ಲೋ!” ಎಂದು ಎದ್ದ. ವರದಮ್ಮ ತಮ್ಮನನ್ನು ತಡೆದು ತಾನೇ ಜಗುಲಿಗೆ ಬಂದಳು. ಬಾ ಅನ್ನಲಿಲ್ಲ.

“ಬರೂದು ಬಂದೆ, ಸರಿ,” ಎಂದಳು. “ನನ್ನ ದೊಡ್ಡವಳು ಹೋಗೂವಾಗ್ಲೂ ದಾರಿ ಇತ್ತು. ತಿರುಗಿ ಬರೂಕೆ ಇರ್ಲಿಲ್ಲ.”

ಪುಟ್ಟಪ್ಪ ಅವಳ ಮುಖ ನೋಡಿದ. ಮೆಟ್ಟಿಲು ಹತ್ತಲಿಲ್ಲ, ನೀರು ಕೇಳಲಿಲ್ಲ. ಕೊಪ್ಪೆ ಸರಿಮಾಡಿಕೊಂಡು, ಬಂದ ದಾರಿಗೇ ತಿರುಗಿ ನಡೆದ.

ಅವನು ಬೇಲಿಯ ತಡಮೆ ದಾಟುವವರೆಗೂ ವರದಮ್ಮ ಕಂಬ ಹಿಡಿದು ನಿಂತಿದ್ದಳು. ಆಮೇಲೆ ತಲೆಯ ಮೇಲೆ ಸೆರಗೂ ಇಲ್ಲದೆ ಮಳೆಗೆ ಓಡಿದಳು. ಓಡಿ ಹೋಗಿ ಅವನ ತೋಳು ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು.

“ಸಾಕು ಕಣೋ, ಸಾಕು. ಮನೆ ಅಳಿಯ ಹಸ್ಕಂಡು ಹೋಗ್ಬಾರ್ದು. ಬಾ, ಉಣ್ಣು.”