ಎಡಗಡೆಯ ಕಾರ್ನರ್

ನಾನು ನಮ್ಮೂರ ತಂಡದ ಗೋಲ್‌ಕೀಪರ್. ಮೂರು ವಾರದಿಂದ ನನ್ನ ಪಕ್ಕೆಗೆ ನೆಮ್ಮದಿ ಇರಲಿಲ್ಲ. ಸಂಜೆ ಅಸರ್ ನಮಾಜು ಮುಗಿಸಿ ಮೈದಾನಕ್ಕೆ ಬಂದರೆ ಬರೀ ಕಾರ್ನರ್. ಜೊತೆಗಾರ ಖೋಲಿಕ್ ಮೂಲೆಯಿಂದ ಚೆಂಡು ಒದೆಯುವುದು, ಉಳಿದವರೆಲ್ಲ ನನ್ನ ಮೇಲೆ ಬಂದು ಬೀಳುವುದು. ಪಾಸು, ಓಟ ಏನಿದ್ದರೂ ಕತ್ತಲಾಗುವ ಮುಂಚೆ ಒಂದಿಷ್ಟು.

“ಪಾಕ್, ಇದು ಫುಟ್‌ಬಾಲೋ, ಗೂಳಿ ಕಾಳಗವೋ?” ಎಂದು ಕೋಚ್ ಜುವೈರಿಯವರನ್ನು ಕೇಳಿಯೇಬಿಟ್ಟೆ. ಹಿರಿಯರನ್ನು ನಮ್ಮಲ್ಲಿ ‘ಪಾಕ್’ ಎಂದೇ ಕರೆಯುವುದು.

“ಹೋದ ವರ್ಷ ಪಾಸ್ ಮಾಡ್ಕೊಂಡು ಆಡಿ ಏನು ಕಡಿದು ಕಟ್ಟೆ ಹಾಕಿದ್ರಿ? ಚೆಂಡು ನಿಂತಿದ್ದಾಗ ಯಾರೂ ಕಿತ್ಕೊಳ್ಳಲ್ಲ ಕಣೋ. ನಮ್ಮಂಥೋರಿಗೆ ಗೋಲು ಸಿಗೋದು ಅಲ್ಲೇ. ಸುಮ್ನೆ ನಿಂತ್ಕೋ.”

ಸುಮ್ಮನೆ ನಿಂತೆ. ಯಾಕೆಂದರೆ ನನ್ನಣ್ಣ ಟಾರ್ಮುಜಿ ತಂಡದಲ್ಲಿ ಉಳಿದಿದ್ದೇ ಕಾರ್ನರ್‌ನಿಂದ. ಅವನು ಡಿಫೆಂಡರ್, ಉದ್ದನೆಯ ಆಳು. ತಲೆಗೆ ಸಿಕ್ಕ ಚೆಂಡನ್ನು ಬಿಡುವವನಲ್ಲ. ಆದರೆ ವಯಸ್ಸು ಮೂವತ್ತಾರು ದಾಟಿ ಕಾಲು ಭಾರವಾಗಿತ್ತು. ಅವನ ಜಾಗಕ್ಕೆ ಫೆಂಡಿ ಕಾಯುತ್ತಿದ್ದ. ಆ ಹುಡುಗನ ಓಟವನ್ನು ನೋಡಿದರೆ ನನಗೇ ಹೊಟ್ಟೆಕಿಚ್ಚು. “ಕಾರ್ನರಿಂದ ಗೋಲು ಬರೋವರೆಗೆ ನೀನು, ಗೋಲು ನಿಂತ್ರೆ ಫೆಂಡಿ,” ಎಂದು ಪಾಕ್ ಅಣ್ಣನ ಮುಖಕ್ಕೇ ಹೇಳಿದ್ದರು. ಅಣ್ಣನಿಗೆ ಈ ಆಟ ಬಿಟ್ಟರೆ ಬೇರೆ ಚಟವಿಲ್ಲ, ಸಿಗರೇಟನ್ನೂ ಮುಟ್ಟುವುದಿಲ್ಲ.

ಕಪ್ಪಿನ ಸೆಮಿಫೈನಲ್ ಪಕ್ಕದೂರಿನಲ್ಲಿತ್ತು. ಮೊದಲರ್ಧದಲ್ಲಿ ಖೋಲಿಕ್ ಬಲಗಡೆಯಿಂದ ಒದ್ದ ಕಾರ್ನರ್ ಗೋಲಿನಿಂದ ಹೊರಕ್ಕೆ ಬಾಗುತ್ತ ಬಂತು. ಅಣ್ಣ ಎಲ್ಲರಿಗಿಂತ ಮೇಲೆ ಎದ್ದು ಹಣೆಯಿಂದ ಬಡಿದ. ಗೋಲು! ಪಾಕ್ ನನ್ನ ಕಡೆ ತಿರುಗಿ ಎದೆ ತಟ್ಟಿಕೊಂಡರು. ಆಮೇಲೆ ಎದುರಾಳಿಗಳೂ ಒಂದು ಹೊಡೆದು ಸಮ ಮಾಡಿದರು. ಆಟ ಮುಗಿಯುವ ಹೊತ್ತಿಗೆ ನಮಗೆ ಇನ್ನೊಂದು ಕಾರ್ನರ್ ಸಿಕ್ಕಿತು, ಈ ಸಲ ಎಡಗಡೆಯಿಂದ. ಅಣ್ಣ ಮುಂದಕ್ಕೆ ಹೋದ.

ಖೋಲಿಕ್ ಚೆಂಡು ಇಟ್ಟ, ತೆಗೆದ, ಮತ್ತೆ ಇಟ್ಟ. ಆಗಲೇ ನನಗೆ ಹೊಳೆದದ್ದು. ಅಭ್ಯಾಸದಲ್ಲಿ ಎಡಗಡೆಯಿಂದ ನಾವು ಒಂದು ಸಲವೂ ಒದ್ದಿರಲಿಲ್ಲ. ನಮ್ಮ ಮೈದಾನದಲ್ಲಿ ಬಲೆಯಿರುವುದು ಒಂದೇ ಗೋಲಿಗೆ. ಅದರ ಎಡಕ್ಕೆ ಶಾಲೆಯ ಗೋಡೆ, ಬಲಕ್ಕೆ ಮೀನಿನ ಹೊಂಡ. ಬಲದಿಂದ ಒದ್ದರೆ ತಪ್ಪಿದ ಚೆಂಡು ಗೋಡೆಗೆ ಬಡಿದು ನಿಲ್ಲುತ್ತದೆ, ಎಡದಿಂದ ಒದ್ದರೆ ಸೀದಾ ನೀರಿಗೆ. ಹೊಂಡಕ್ಕೆ ಇಳಿಯುವ ಸೋಮಾರಿತನಕ್ಕೆ ಎಲ್ಲರೂ ಬಲಮೂಲೆಗೇ ಅಂಟಿಕೊಂಡಿದ್ದೆವು.

ಖೋಲಿಕ್‌ನ ಬಲಗಾಲಿನಿಂದ ಹೊರಟ ಚೆಂಡು ಈಗ ಒಳಕ್ಕೆ ಬಾಗಿ ಅವರ ಗೋಲ್‌ಕೀಪರ್‌ನ ಕೈಗೇ ಹೋಯಿತು. ಅವನು ತಡಮಾಡದೆ ಮುಂದಕ್ಕೆ ಎಸೆದ. ಇಬ್ಬರು ನನ್ನ ಕಡೆ ನುಗ್ಗಿದರು. ಅವರ ಹಿಂದೆ ಅಣ್ಣ ಬಾಯಿ ತೆರೆದುಕೊಂಡು ಓಡುತ್ತಿದ್ದ, ದೂರವಾಗುತ್ತಲೇ ಹೋದ. ಎರಡು–ಒಂದಕ್ಕೆ ಸೋತೆವು.

ಮರುದಿನ ಸಂಜೆ ಪಾಕ್, “ಸಾಕಪ್ಪ ಈ ಕಾರ್ನರ್ ಸಹವಾಸ. ಮುಂದಿನ ಕಪ್ಪಿಗೆ ಪಾಸು, ಓಟ,” ಎಂದರು. ಯಾರೂ ಅಣ್ಣನ ಮುಖ ನೋಡಲಿಲ್ಲ. ನನಗೆ ರೇಗಿತು.

“ಪಾಕ್, ನಾವು ಕಲಿತಿದ್ದೇ ಅರ್ಧ. ಇನ್ನರ್ಧ ಕಲೀದೇ ಬಿಟ್ಬಿಡೋದಾ?”

“ಪಕ್ಕೆ ಪಕ್ಕೆ ಅಂತ ಗೋಳಾಡಿದೋನು ನೀನೇ ಅಲ್ವೇನೋ?”

“ಈಗ್ಲೂ ನೋಯ್ತಿದೆ. ಆದ್ರೂ ಹೇಳ್ತಿದೀನಿ.”

“ಸರಿ, ಎಡದಿಂದ ಒದೀರಿ. ಹೊಂಡದಿಂದ ಚೆಂಡು ಎತ್ತಿ ಕೊಡೋರು ಯಾರು, ನಿಮ್ಮಜ್ಜನಾ?”

ಅಣ್ಣ ಆಗಲೇ ಶೂ ಬಿಚ್ಚುತ್ತಿದ್ದ. “ನಾನು ಇಳೀತೀನಿ, ಪಾಕ್.”

“ಅಣ್ಣಾ, ನಿಂಗೆ ತಲೆ ಕೆಟ್ಟಿದೆಯಾ?” ಎಂದೆ. “ನೀನು ನೀರಲ್ಲಿದ್ರೆ ಹೆಡ್ ಮಾಡೋರು ಯಾರು?”

“ಫೆಂಡಿ. ಹಾರೋದನ್ನ ನಾನು ಅವನಿಗೆ ಹೇಳ್ಕೊಡಬಹುದು. ಓಡೋದನ್ನ ನಂಗೆ ಯಾರೂ ಹೇಳ್ಕೊಡಕ್ಕಾಗಲ್ಲ.”

ನಾನು ಬಾಯಿ ಬಿಟ್ಟಿದ್ದು ಇವನ ಜಾಗ ಉಳಿಸಲು. ಅವನು ಸೊಂಟದವರೆಗಿನ ನೀರಿನಲ್ಲಿ ನಿಂತು ಕೈ ಎತ್ತಿದ. ಖೋಲಿಕ್ ಒದ್ದ. ಫೆಂಡಿ ಹಾರಿದ, ಚೆಂಡು ಅವನ ಕೂದಲನ್ನೂ ತಾಕದೆ ನೀರಿಗೆ ಬಿತ್ತು.

“ಕಣ್ಣು ಮುಚ್ಕೊಂಡು ಹಾರ್ತೀಯಲ್ಲೋ!” ಅಣ್ಣ ಹೊಂಡದಿಂದಲೇ ಬೈಯುತ್ತ ಚೆಂಡು ಎಸೆದ. “ಖೋಲಿಕ್, ಇನ್ನೊಂದು ಒದಿ!”